ಚೆಲುವರಾಜುವಿನ ಸೆಟ್ ಯಂತ್ರ

“ಅಕ್ಕಾ, ಈಗ ನೋಡು!” ಎಂದ ನನ್ನ ತಮ್ಮ ಚೆಲುವರಾಜು, ಹಾಲಿನ ಪಾತ್ರೆಯ ಮೇಲೆ ಬಗ್ಗಿ, “ಸೆಟ್!” ಎಂದು ಕೂಗಿದ. ಮೇಜಿನ ಮೇಲಿದ್ದ ಪೆಟ್ಟಿಗೆಯ ಕೊಳವೆ ಗಿರ್ರನೆ ಅವನತ್ತ ತಿರುಗಿ ನೀಲಿ ಬೆಳಕು ಬಿಟ್ಟಿತು. ಅವನು ಪಾತ್ರೆಯನ್ನು ತನ್ನ ತಲೆಯ ಮೇಲೇ ಬೋರಲು ಹಾಕಿಕೊಂಡ. ಒಂದು ಹನಿಯೂ ಬೀಳಲಿಲ್ಲ! ಹಾಲು ಗಟ್ಟಿ ಮೊಸರಾಗಿತ್ತು.

“ಯಾರು ಆ ಪದ ಅಂದ್ರೂ ಸಾಕು, ಅವರ ಹತ್ರ ಇರೋದು ಗಟ್ಟಿ. ನಿನ್ನ ಹೋಟ್ಲಿಗೆ ಇನ್ನು ಹೆಪ್ಪು ಹಾಕೋ ರಗಳೆನೇ ಇಲ್ಲ!”

“ಇವತ್ತೇ ತರಬೇಕಿತ್ತೇನೋ ಇದನ್ನ?” ಎಂದೆ. ಅಂದು ಹುಡುಗನ ತಂದೆ ಪುಟ್ಟಸ್ವಾಮಪ್ಪ ಬಂದು ಮದುವೆಯ ಬಗ್ಗೆ ಕೊನೆಯ ಮಾತು ಹೇಳುವವರಿದ್ದರು. ಹುಡುಗನೂ ನನ್ನ ಮಗಳು ಹೇಮಾಳೂ ಒಬ್ಬರನ್ನೊಬ್ಬರು ಮೆಚ್ಚಿದ್ದರು. ಪುಟ್ಟಸ್ವಾಮಪ್ಪನವರ ಮೂತಿ ಮಾತ್ರ ಬಿಗಿಯಾಗಿಯೇ ಇತ್ತು.

ಅಷ್ಟರಲ್ಲಿ ಗಿರಾಕಿಯೊಬ್ಬ ಒಲೆಯ ಪಕ್ಕ ನಿಂತು, “ಅಮ್ಮಾ, ಒಂದು ಸೆಟ್ ದೋಸೆ!” ಎಂದ. ಗಿರ್ರ್! ಹಿಟ್ಟಿನ ಪಾತ್ರೆಯಲ್ಲಿ ಸೌಟು ಕಂಬದಂತೆ ನಿಂತಿತು.

“ಆಫ್ ಮಾಡೋ!”

ಚೆಲುವರಾಜು ಸ್ವಿಚ್ಚಿಗೆ ಕೈ ಚಾಚುತ್ತಾ ಯಂತ್ರವನ್ನೇ ಬೈದ: “ದಡ್ಡ ಮುಂಡೇದೇ, ಅದು ದೋಸೆ ಸೆಟ್ಟು!” ಗಿರ್ರ್! ಸ್ವಿಚ್ಚು ಕಚ್ಚಿಕೊಂಡಿತು. ಪೆಟ್ಟಿಗೆ ಮೇಜಿಗೆ ಅಂಟಿಕೊಂಡಿತು.

“ಇಂಗ್ಲಿಷಲ್ಲಿ ಆ ಪದಕ್ಕೆ ನೂರೆಂಟು ಅರ್ಥ ಅಕ್ಕ. ನಾನು ತುಂಬಿರೋದು ಒಂದೇ,” ಎಂದು ತಲೆ ಕೆರೆದುಕೊಂಡ.

ಪುಟ್ಟಸ್ವಾಮಪ್ಪ ಬಂದೇಬಿಟ್ಟರು! ಹೇಮಾ ಕಾಫಿ ಕೊಟ್ಟಳು. ನಾವೆಲ್ಲ ಆ ಪದ ಬಾಯಿಗೆ ಬಾರದಂತೆ ಅಳೆದು ಅಳೆದು ಮಾತಾಡಿದೆವು.

“ಸ್ವಲ್ಪ ಆರಲಿ ತಾಯಿ. ಹಲ್ಲಿನ ಸೆಟ್ಟು ಹೊಸದು.”

ಗಿರ್ರ್! ಎಲ್ಲರೂ ಅವರ ಬಾಯನ್ನೇ ನೋಡಿದೆವು. ಹಲ್ಲಿಗೇನೂ ಆಗಲಿಲ್ಲ, ಅದು ಮೊದಲೇ ಗಟ್ಟಿ. ಅವರು ಲೋಟ ಎತ್ತಿದರು, ಬಗ್ಗಿಸಿದರು, ತಲೆಕೆಳಗು ಮಾಡಿ ಕುಟ್ಟಿದರು.

“ಏನ್ರೀ ಇದು? ಬೀಗನಾಗೋನಿಗೆ ಕಲ್ಲು ಕುಡಿಸ್ತೀರಾ?” ಎಂದು ಎದ್ದೇಬಿಟ್ಟರು. ಹೇಮಾಳ ಕಣ್ಣು ತುಂಬಿತು. ನಮ್ಮ ಯಜಮಾನರು ಓಡಿಹೋಗಿ ಅವರ ಬಲಗೈ ಹಿಡಿದುಕೊಂಡರು. “ಸ್ವಾಮಿ, ಒಂದು ನಿಮಿಷ...”

“ಬಿಡ್ರೀ ಕೈ! ನಿಮಗೂ ನಮಗೂ ಸೆಟ್ ಆಗಲ್ಲ!”

‘ಆಗಲ್ಲ’ ಎಂಬುದನ್ನು ಚೆಲುವರಾಜು ಯಂತ್ರಕ್ಕೆ ಕಲಿಸಿರಲಿಲ್ಲ.

ಎಣ್ಣೆ, ಸೋಪು, ಬಿಸಿನೀರು ಎಲ್ಲ ಆಯಿತು. ಕೈ ಕೈಯನ್ನು ಬಿಡಲಿಲ್ಲ.

“ಬಿಡಿಸೋದು ಹೇಗೋ?”

“ಮೊಸರು ಮತ್ತೆ ಹಾಲಾಗುತ್ತಾ ಅಕ್ಕ?”

ಊಟದ ಹೊತ್ತಾಯಿತು. ಬಲಗೈ ಅಂಟಿಕೊಂಡಿದ್ದ ಪುಟ್ಟಸ್ವಾಮಪ್ಪನವರಿಗೆ ಹೇಮಾಳೇ ಅನ್ನ ಕಲಸಿ ತುತ್ತು ಕೊಟ್ಟಳು. ಮೊದಲು ಮುಖ ತಿರುಗಿಸಿದರು. ಆಮೇಲೆ ಬಾಯಿ ತೆರೆದರು. ಮಜ್ಜಿಗೆ ಅನ್ನದ ಹೊತ್ತಿಗೆ, “ಉಪ್ಪಿನಕಾಯಿ ಇನ್ನೊಂದು ಚೂರು ಹಾಕಮ್ಮ ಸೊಸೆ,” ಎಂದರು.

ಬೀಗರಿಬ್ಬರೂ ಕೈ ಕೈ ಹಿಡಿದುಕೊಂಡೇ ಮನೆ ಮನೆಗೆ ಹೋಗಿ ಮದುವೆಗೆ ಕರೆದರು. ಎಂಥ ಹೊಂದಾಣಿಕೆ ಎಂದು ಊರೆಲ್ಲ ಹೊಗಳಿತು. ನಾವೇಕೆ ಇಲ್ಲವೆನ್ನೋಣ?