ಸೈಕಲ್ ಮುರಿದದ್ದು ಯಾರ ಭಾರಕ್ಕೆ

ಸೈಕಲ್ಲಿನ ಫ್ರೇಮು ಮುರಿದಾಗ ಜನ ಮೊದಲು ನೋಡುವುದು ಫ್ರೇಮನ್ನಲ್ಲ, ಮೇಲೆ ಕೂತಿದ್ದವನ ಹೊಟ್ಟೆಯನ್ನು. ಆ ದಿನ ನಾನೂ ಅದನ್ನೇ ನೋಡಿದೆ. ನೋಡಿ ಸುಮ್ಮನಿದ್ದಿದ್ದರೆ ಈ ಕಥೆ ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ.

ಹೊಟ್ಟೆ ನನ್ನ ಹೆಂಡತಿ ಬೆಹ್ಜತಳ ಅಣ್ಣ ಕೆರಾಮತ್‌ನದು. ಇರಾನಿನ ಯಜ್ದ್ ಪೇಟೆಯಲ್ಲಿ ಅವನಿಗೊಂದು ಮಿಠಾಯಿ ಅಂಗಡಿ ಇದೆ. ತಾನು ರುಚಿ ನೋಡದ್ದನ್ನು ಗಿರಾಕಿಗೆ ಕೊಡಬಾರದು ಎಂಬುದು ಅವನ ವ್ಯಾಪಾರಧರ್ಮ. ಆ ಧರ್ಮವೆಲ್ಲ ಕಾಲಕ್ರಮದಲ್ಲಿ ಅವನ ಸೊಂಟದ ಸುತ್ತ ಶೇಖರವಾಗಿದೆ. ನಾನು, ಯದುಲ್ಲಾ, ತದ್ವಿರುದ್ಧ. ಬಟ್ಟೆ ಗಿರಣಿಯ ಉಗ್ರಾಣದಲ್ಲಿ ಕೆಲಸ, ಖರ್ಜೂರದ ಮರದಂಥ ಎತ್ತರ, ಮರಳುಗಾಳಿ ಎದ್ದರೆ ಗೋಡೆ ಹಿಡಿದು ನಡೆಯಬೇಕಾದ ಮೈಕಟ್ಟು. (ತೆಳ್ಳಗಿರುವುದು ನನ್ನ ಸಾಧನೆ ಎಂದು ನಾನೂ, ತನ್ನ ಅಡುಗೆಗೆ ಆದ ಅವಮಾನ ಎಂದು ಬೆಹ್ಜತಳೂ ತಿಳಿದುಕೊಂಡಿದ್ದೇವೆ.)

ನಮ್ಮ ಮಗಳು ಮಾಹ್ರುಖಳ ನಿಶ್ಚಿತಾರ್ಥ ಮುಂದಿನ ಶುಕ್ರವಾರಕ್ಕೆ ಗೊತ್ತಾಗಿತ್ತು. ಆವತ್ತು ಏನೇನು ಸಿಹಿ ಬೇಕೆಂದು ಮಾತಾಡಲು ಕೆರಾಮತ್ ಮನೆಗೆ ಬಂದಿದ್ದ. ಹೊರಡುವಾಗ ಬಾಗಿಲಲ್ಲಿ ನಿಲ್ಲಿಸಿದ್ದ ನನ್ನ ಸೈಕಲ್ಲಿನ ಸೀಟಿನ ಮೇಲೆ ಕೈಯಿಟ್ಟು, ಒಳ್ಳೆ ಸೈಕಲ್ಲು ಅಂದ.

ನಮ್ಮಲ್ಲಿ ಯಾರಾದರೂ ಒಂದು ವಸ್ತುವನ್ನು ಹೊಗಳಿದರೆ, ಇದು ನಿಮ್ಮದೇ, ತೆಗೆದುಕೊಂಡು ಹೋಗಿ ಎನ್ನಬೇಕು. ಹೊಗಳಿದವರು, ಛೆ ಛೆ, ನಿಮ್ಮ ಕೈಯಲ್ಲಿದ್ದರೇ ಅದಕ್ಕೆ ಶೋಭೆ ಎನ್ನಬೇಕು. ಮೂರು ಸಲ ಹೀಗೆ ಹೇಳಿ ಕೇಳಿ ಆದಮೇಲೆ ಇಬ್ಬರೂ ಹಗುರಾಗಿ ಅವರವರ ದಾರಿ ಹಿಡಿಯಬೇಕು. ನಾನು ಈ ರೀತಿಯಲ್ಲಿ ಕೈಗಡಿಯಾರ, ರತ್ನಗಂಬಳಿ, ಒಮ್ಮೆ ಇಡೀ ಮನೆಯನ್ನೇ ದಾನ ಮಾಡಿದ್ದೇನೆ. ಯಾವುದೂ ಹೊಸಿಲು ದಾಟಿಲ್ಲ.

ಆವತ್ತು ಓಣಿಯ ಕಟ್ಟೆಯ ಮೇಲೆ ನೆರೆಹೊರೆಯವರು ಕೂತಿದ್ದರು. ಮಗಳ ನಿಶ್ಚಿತಾರ್ಥದ ಹಿಗ್ಗು ಬೇರೆ. ಮೂರು ಸಲ ಮುಗಿದ ಮೇಲೂ ನನ್ನ ಔದಾರ್ಯ ನಿಲ್ಲಲಿಲ್ಲ. ನಾಲ್ಕನೆಯ ಸಲ, ನನ್ನ ಮೇಲಾಣೆ, ಒಯ್ಯದಿದ್ದರೆ ನನಗೆ ಬೇಜಾರು ಅಂದುಬಿಟ್ಟೆ. ಆಣೆಯನ್ನು ತಳ್ಳಿಹಾಕುವುದು ಮನೆಯವನಿಗೆ ಅವಮಾನ. ಕೆರಾಮತ್ ಒಂದು ಕ್ಷಣ ನನ್ನ ಮುಖ ನೋಡಿದ, ನಿಮ್ಮ ಕೈಗೆ ನೋವಾಗದಿರಲಿ ಎಂದು ಹರಸಿ, ಸೈಕಲ್ ಹತ್ತಿದ.

ಓಣಿಯ ತಿರುವನ್ನೂ ಮುಟ್ಟಿರಲಿಲ್ಲ. ಒಣ ಸೌದೆ ಮುರಿದ ಹಾಗೆ ಶಬ್ದವಾಯಿತು. ಸೀಟಿನ ಬುಡದಲ್ಲಿ ಫ್ರೇಮಿನ ಪೈಪು ತುಂಡಾಗಿ, ಸೀಟು ಹಿಂದಕ್ಕೆ ವಾಲಿ, ಕೆರಾಮತ್ ಮೊದಲು ಹಿಂದಿನ ಚಕ್ರದ ಮೇಲೆ, ಅಲ್ಲಿಂದ ನೆಲದ ಮೇಲೆ ಎಂಬಂತೆ ಎರಡು ಕಂತಿನಲ್ಲಿ ಇಳಿದ. ಮಣಿಕಟ್ಟು ಉಳುಕಿದ್ದು ಬಿಟ್ಟರೆ ಮತ್ತೇನೂ ಆಗಲಿಲ್ಲ. ಓಡಿಹೋದ ನಾನು ಅವನ ಕೈ ಹಿಡಿದು ಎಬ್ಬಿಸುವ ಬದಲು ಸೈಕಲ್ಲನ್ನು ಎತ್ತಿ ನಿಲ್ಲಿಸಿ, ಎಲ್ಲರಿಗೂ ಕೇಳುವಂತೆ ಹೇಳಿದೆ:

"ಹನ್ನೆರಡು ವರ್ಷ ನನ್ನನ್ನ ಹೊತ್ತಿತ್ತು. ನಿಮ್ಮನ್ನ ಹನ್ನೆರಡು ಮಾರು ಹೊರಲಿಲ್ವಲ್ಲ."

ಕಟ್ಟೆಯ ಮೇಲಿದ್ದವರು ನಕ್ಕರು. ಕೆರಾಮತ್ ಎದ್ದು ಬಟ್ಟೆ ಕೊಡವಿಕೊಂಡು, ಎದೆಯ ಮೇಲೆ ಕೈಯಿಟ್ಟು ಬಾಗಿ, "ನಿಮ್ಮ ನೆರಳು ಎಂದೂ ಕಡಿಮೆಯಾಗದಿರಲಿ, ಭಾವ" ಎಂದು ಹೇಳಿ ಮಣಿಕಟ್ಟು ಹಿಡಿದುಕೊಂಡು ಹೋದ. (ಇದು ನಮ್ಮಲ್ಲಿ ಎಲ್ಲರೂ ಹೇಳುವ ಮಾತೇ. ನನ್ನ ನೆರಳು ಮೊದಲೇ ಕಡಿಮೆ ಎಂಬುದನ್ನು ನೆನೆದು ಹೇಳಿದನೇ ಎಂಬ ಅನುಮಾನ ನನಗೆ ಇನ್ನೂ ಇದೆ.)

ಸಂಜೆಯ ಹೊತ್ತಿಗೆ ನನ್ನ ಹನ್ನೆರಡು ಮಾರಿನ ಮಾತು ಪೇಟೆಯನ್ನೆಲ್ಲ ಸುತ್ತಿ ಅವನ ಅಂಗಡಿಯನ್ನು ಮುಟ್ಟಿತ್ತು. ಮರುದಿನ ಸುದ್ದಿ ಬಂತು. ಕೈನೋವಿನ ಕಾರಣ ಶುಕ್ರವಾರ ಬರಲಾಗುವುದಿಲ್ಲ, ಮಗುವಿಗೆ ಸಾವಿರ ಆಶೀರ್ವಾದ.

ಬೆಹ್ಜತ್ ಕೂಗಾಡಲಿಲ್ಲ. ಕೂಗಾಡಿದ್ದರೆ ನಿಭಾಯಿಸುತ್ತಿದ್ದೆ. ಅವಳು ಪುದೀನ ಸೋಸುತ್ತಾ ವಿಷಯ ವಿವರಿಸಿದಳು. ಅವಳ ತಂದೆ ತೀರಿಹೋಗಿದ್ದಾರೆ. ಅವಳ ಕಡೆಯಿಂದ ಮಾತಾಡಲು ಇರುವ ಹಿರಿಯ ಅಣ್ಣನೊಬ್ಬನೇ. ಸೋದರಮಾವ ಇಲ್ಲದ ಮನೆಯಲ್ಲಿ ಗಂಡಿನವರು ಮಾತೇ ಎತ್ತುವುದಿಲ್ಲ, ಎತ್ತಿದರೂ ನಾಳೆ ಆಡಿಕೊಳ್ಳುತ್ತಾರೆ.

"ಅಣ್ಣ ಬರದಿದ್ರೆ ನಾನು ಚಹಾದ ಸಮೋವರ್ ಹೊತ್ತಿಸಲ್ಲ. ಬಂದವರಿಗೆ ನೀವು ನಿಮ್ಮ ಸೈಕಲ್ ಕತೆನೇ ಕುಡಿಸಿ."

ಮಾಹ್ರುಖ್ ನನ್ನ ಮುಂದಿದ್ದ ಚಹಾ ಲೋಟವನ್ನು ಎತ್ತಿಕೊಂಡು ಒಳಗೆ ಹೋದಳು. ಅದು ಹೆಂಡತಿಯ ಮಾತಿಗಿಂತ ಹೆಚ್ಚು ಚುಚ್ಚಿತು.

ಕ್ಷಮೆ ಕೇಳಲು ಅಂಗಡಿಗೆ ಹೋದೆ. ಕೆರಾಮತ್ ಎದ್ದು ನಿಂತು ಸ್ವಾಗತಿಸಿದ, ಗದ್ದುಗೆ ಬಿಟ್ಟುಕೊಟ್ಟ, ಬಾದಾಮಿ ಮಿಠಾಯಿ ತರಿಸಿದ. ತಾನು ಮಾತ್ರ ಸಕ್ಕರೆಯಿಲ್ಲದ ಚಹಾ ಕುಡಿಯುತ್ತಿದ್ದ. ನಾನು ಮಾತು ತೆಗೆದಾಗಲೆಲ್ಲ, ಅಯ್ಯೋ ನೀವು ಹೇಳಿದ್ದು ಸತ್ಯವೇ ಭಾವ, ಸತ್ಯಕ್ಕೆ ಯಾರು ಬೇಜಾರು ಮಾಡಿಕೊಳ್ಳುತ್ತಾರೆ ಎಂದ. ಸಿಟ್ಟಾದ ಮನುಷ್ಯನನ್ನು ಸಮಾಧಾನ ಮಾಡಬಹುದು. ಇಷ್ಟು ಮರ್ಯಾದೆಯಿಂದ ನಡೆದುಕೊಳ್ಳುವವನನ್ನು ಏನು ಮಾಡಲಾದೀತು?

ಮನೆಗೆ ಬಂದು ಅಂಗಳದಲ್ಲಿ ಬಿದ್ದಿದ್ದ ಸೈಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತೆ. ಶಾಪ ಹಾಕಲೆಂದೇ ಕೂತದ್ದು. ಆದರೆ ಮುರಿದ ಪೈಪಿನ ಬಾಯಿ ನೋಡಿದಾಗ ಶಾಪ ಮರೆತು ಹತ್ತಿರ ಬಗ್ಗಿದೆ. ಮುರಿದ ಅಂಚಿನ ಮುಕ್ಕಾಲು ಭಾಗ ಕಂದುಬಣ್ಣವಾಗಿತ್ತು. ಒಂದು ಮೂಲೆ ಮಾತ್ರ ಹೊಸ ಸೂಜಿಯಂತೆ ಹೊಳೆಯುತ್ತಿತ್ತು.

ಉಗ್ರಾಣದಲ್ಲಿ ಮುರಿದ ಯಂತ್ರದ ತುಂಡುಗಳನ್ನು ನೋಡಿಯೇ ನನ್ನ ಕೂದಲು ನರೆತದ್ದು. ಹೊಳೆಯುವುದು ಈಗ ಮುರಿದದ್ದು, ಕಂದಾದದ್ದು ಎಂದೋ ಬಿರುಕು ಬಿಟ್ಟದ್ದು. ಅದರಲ್ಲೂ ನಮ್ಮ ಯಜ್ದ್‌ನಲ್ಲಿ ಮಳೆ ಎಂದರೆ ವರ್ಷಕ್ಕೆ ನಾಲ್ಕು ಹನಿ. ಇಲ್ಲಿ ಕಬ್ಬಿಣಕ್ಕೆ ತುಕ್ಕು ಹಿಡಿಯಲೂ ಬೇಕಾದಷ್ಟು ವ್ಯವಧಾನ ಬೇಕು. ಅಂದರೆ ಫ್ರೇಮು ತಿಂಗಳುಗಟ್ಟಲೆ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಸೀಳುತ್ತಾ ಬಂದಿತ್ತು. ಕೆರಾಮತ್ ಕೂತಾಗ ಉಳಿದಿದ್ದದ್ದು ಆ ಹೊಳೆಯುವ ಮೂಲೆಯಷ್ಟೇ. ಆ ಹೊತ್ತಿನಲ್ಲಿ ಒಂದು ಕೋಳಿ ಕೂತಿದ್ದರೂ ಸೈಕಲ್ಲು ಮುರಿಯುತ್ತಿತ್ತು.

ಮುರಿದ ತುಂಡನ್ನು ಹೆಗಲ ಮೇಲೆ ಹೊತ್ತು ಅಂಗಡಿಗೆ ಓಡಿದೆ. ಕೆರಾಮತ್ ಕಂದು ಭಾಗವನ್ನು ಬೆರಳಿನಿಂದ ಸವರಿ ಸವರಿ ನೋಡಿದ. ಆಮೇಲೆ ಚಹಾಕ್ಕೆ ಒಂದು ಸಕ್ಕರೆ ಗಡ್ಡೆ ತರಿಸಿಕೊಂಡ.

"ಭಾವ, ಹನ್ನೆರಡು ಮಾರಿನ ಮಾತು ನೀವು ಹತ್ತು ಜನರ ಮುಂದೆ ಆಡಿದ್ದು. ಇದನ್ನೂ ಹತ್ತು ಜನರ ಮುಂದೆ ಹೇಳಿ. ಶುಕ್ರವಾರ ಬರ್ತೀನಿ."

ಬಂದ. ಸಮೋವರ್ ಹೊತ್ತಿತು. ಗಂಡಿನ ಕಡೆಯವರು ಗೋಡೆಗೆ ಒರಗಿ ಕೂತರು: ಅಜ್ಜಿ, ತಂದೆ ತಾಯಿ, ಮತ್ತು ನೆಲ ನೋಡುತ್ತಿದ್ದ ಮದುಮಗ ಫರೀದೂನ್. ಅವನು ಎಲ್ಲೋ ಯಂತ್ರಗಳ ನಕ್ಷೆ ಬರೆಯುವ ಕೆಲಸದಲ್ಲಿದ್ದಾನೆ. ಮೊದಲ ಸುತ್ತು ಚಹಾ ಆದಮೇಲೆ ಕೆರಾಮತ್ ನನ್ನ ಕಡೆ ನೋಡಿ ಕೆಮ್ಮಿದ.

ನಾನು ತುಂಡನ್ನು ತಂದು ಬಟ್ಟೆ ಹಾಸಿದ ನೆಲದ ಮೇಲೆ ಇಟ್ಟು, ಕಂದು ಯಾವುದು, ಹೊಳಪು ಯಾವುದು ಎಂದು ಎಲ್ಲ ತೋರಿಸಿದೆ. ಭಾಷಣ ಚೆನ್ನಾಗಿಯೇ ಬಂತು. ಫ್ರೇಮು ಎಂಬುದು ಒಂದು ದಿನದ ಭಾರಕ್ಕೆ ಮುರಿಯುವುದಿಲ್ಲ, ದಿನವೂ ತಪ್ಪಾಗಿ ಬೀಳುವ ಸಣ್ಣ ಎಳೆತಕ್ಕೆ ಮುರಿಯುತ್ತದೆ ಎಂದೆ. ಹೆಸರಿಗೆ ಗೌರವದ ಆಘಾ ಸೇರಿಸಿ, ಕೆರಾಮತ್ ಆಘಾ ನಿರ್ದೋಷಿ ಎಂದು ಮುಗಿಸಿದೆ. ಅಜ್ಜಿ ತಲೆದೂಗಿದರು. ಬೆಹ್ಜತಳ ಮುಖ ಒಂದು ವಾರದ ನಂತರ ಅರಳಿತು. ಅಲ್ಲಿಗೆ ನಿಲ್ಲಿಸಿ ಕೂತುಬಿಡಬೇಕಿತ್ತು, ಆದರೆ ನಾನು ಯಾರಿಗಾದರೂ ಸಂಶಯವಿದ್ದರೆ ಕೇಳಬಹುದು ಅಂದೆ.

ಫರೀದೂನ್ ಮೊದಲ ಸಲ ತಲೆಯೆತ್ತಿದ. ಪೈಪನ್ನು ತಿರುಗಿಸಿ ನೋಡಿ ಬಹಳ ವಿನಯದಿಂದ ಕೇಳಿದ. ಸೀಟಿನ ರಾಡು ಈ ಪೈಪಿನ ಒಳಗೆ ಎಷ್ಟು ಇಳಿದಿತ್ತು?

"ಎರಡು ಬೆರಳು" ಎಂದೆ, ಪ್ರಾಮಾಣಿಕವಾಗಿ.

ಹುಡುಗ ಮತ್ತೆ ನೆಲ ನೋಡತೊಡಗಿದ. ಏನೋ ತಿಳಿದುಹೋಗಿದೆ, ಹೇಳಲು ಸಂಕೋಚ ಎಂಬುದು ಅವನ ಕಿವಿಯ ಬಣ್ಣದಲ್ಲೇ ಕಾಣುತ್ತಿತ್ತು. ಅವನ ತಂದೆ ಬಿಡಲಿಲ್ಲ. ಕೊನೆಗೆ ಅವನು ನೆಲಕ್ಕೇ ಹೇಳಿದ. ರಾಡು ಒಂದು ಗೇಣಾದರೂ ಒಳಗೆ ಇಳಿದಿರಬೇಕು. ಆಳವಿಲ್ಲದ ಗುಂಡಿಯಲ್ಲಿ ನೆಟ್ಟ ಗುಡಾರದ ಕಂಬ ಜಗ್ಗಿದಂತೆ, ಮೇಲಕ್ಕೆ ಎಳೆದ ರಾಡು ಪೈಪಿನ ಬಾಯಿಯನ್ನು ದಿನವೂ ಹಿಂದಕ್ಕೆ ಮೀಟುತ್ತದೆ. ಎಷ್ಟೇ ತೆಳ್ಳಗಿನವರು ಕೂತರೂ.

ಅಜ್ಜಿಗೆ ಕಿವಿ ಸ್ವಲ್ಪ ಮಂದ, ದನಿ ಮಾತ್ರ ಜೋರು. "ಹಾಗಾದ್ರೆ ರಾಡನ್ನ ಅಷ್ಟು ಮೇಲೆ ಎಳೆದೋರು ಯಾರಪ್ಪಾ?"

ಉತ್ತರ ಎದ್ದು ನಿಂತೇ ಇತ್ತು, ಕೋಣೆಯಲ್ಲಿ ಎಲ್ಲರಿಗಿಂತ ಎತ್ತರವಾಗಿ.

ನಾನು ಹೆಂಡತಿಯ ಕಡೆ ತಿರುಗಿದೆ. ಸೀಟು ತಗ್ಗಾಗಿದ್ದಾಗ ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಮಿಡತೆ ಸವಾರಿ ಹೊರಟ ಹಾಗಿದೆ ಎಂದು ನಕ್ಕವಳು ಅವಳೇ ಎಂದು ನೆನಪಿಸಿದೆ.

"ಮಿಡತೆ ಅಂದೆ, ನಿಜ" ಎಂದಳು ಬೆಹ್ಜತ್, ಅಣ್ಣನ ಲೋಟಕ್ಕೆ ಚಹಾ ಬಗ್ಗಿಸುತ್ತಾ. "ಅದಕ್ಕೇ ಒಂಟೆ ಆಗಿ ಅಂತ ನಾನು ಹೇಳಿರಲಿಲ್ಲ."

ಫರೀದೂನ್ ಗಾಬರಿಯಾಗಿ, ಬಹುಶಃ ಕಬ್ಬಿಣವೇ ಕಳಪೆಯಿರಬೇಕು, ಆಘಾ ಯದುಲ್ಲಾ ಅವರದೇನೂ ತಪ್ಪಿಲ್ಲ ಎಂದು ತೇಪೆ ಹಾಕಲು ನೋಡಿದ. ಒಳ್ಳೆಯ ಹುಡುಗ. ಬೆಹ್ಜತ್ ಬಿಡಲಿಲ್ಲ. "ಇಲ್ಲ ಮಗು, ಕಬ್ಬಿಣ ಚೆನ್ನಾಗೇ ಇತ್ತು. ಮದುವೆ ಆದಾಗಿನಿಂದ ನಾನೂ ನೋಡ್ತಾ ಬಂದಿದೀನಿ, ಯಾವ ಕಬ್ಬಿಣ ಆದ್ರೂ ಇವರ ಜೊತೆ ಎಷ್ಟು ವರ್ಷ ತಡೆದೀತು?"

ಎಲ್ಲರೂ ನಕ್ಕರು. ನಕ್ಕವರ ನಡುವೆ ಮಾತು ಸಲೀಸಾಗಿ ಹರಿಯಿತು, ಕೆರಾಮತ್ ಸೋದರಮಾವನ ಗತ್ತಿನಲ್ಲಿ ಎಲ್ಲವನ್ನೂ ಇತ್ಯರ್ಥ ಮಾಡಿದ, ಒಂದು ವಾರ ಬಿಟ್ಟಿದ್ದ ಸಿಹಿಯನ್ನೆಲ್ಲ ಒಂದೇ ಕೂಟದಲ್ಲಿ ಸರಿದೂಗಿಸಿದ. ಮಗಳ ನಿಶ್ಚಿತಾರ್ಥ ನಮ್ಮ ಓಣಿಯಲ್ಲಿ ಈಚೆಗೆ ನಡೆದವುಗಳಲ್ಲೇ ಸೊಗಸಾದದ್ದು ಎಂದು ಹೆಸರಾಯಿತು. ಅದಕ್ಕೆ ನನ್ನ ಕೊಡುಗೆಯನ್ನು ಎಲ್ಲರೂ ಸ್ಮರಿಸುತ್ತಾರೆ, ನಾನು ಬೇಡವೆಂದರೂ.

ಹೊರಡುವಾಗ ಕೆರಾಮತ್ ಸೈಕಲ್ಲಿನ ಎರಡೂ ಭಾಗಗಳನ್ನು ಮರ್ಯಾದೆಯಾಗಿ ಗಾಡಿಗೆ ಹಾಕಿಸಿಕೊಂಡ. ಆಣೆಯಿಟ್ಟು ಕೊಟ್ಟದ್ದಲ್ಲವೇ, ಅದು ಅವನದೇ. ಪೈಪಿನ ಒಳಗೆ ಪಟ್ಟಿ ಕೂರಿಸಿ ಬೆಸುಗೆ ಹಾಕಿಸಿದ. ಸೀಟಿನ ರಾಡನ್ನು ಬುಡದವರೆಗೂ ಇಳಿಸಿದ. ಈಗ ದಿನವೂ ಬೆಳಗ್ಗೆ ಅದರ ಮೇಲೆ ಕೂತು ಅಂಗಡಿಗೆ ಹೋಗುತ್ತಾನೆ. ಕಿರ್ ಎಂಬ ಸದ್ದೂ ಇಲ್ಲ. ನಾನು ಗಿರಣಿಗೆ ನಡೆದು ಹೋಗುತ್ತೇನೆ.

ಮೊನ್ನೆ ಬಿಸಿಲು ಜೋರಾಗಿತ್ತು. ಕೆರಾಮತ್ ಹಿಂದಿನಿಂದ ಬಂದು ಸೈಕಲ್ಲನ್ನು ಪಕ್ಕದಲ್ಲೇ ನಿಲ್ಲಿಸಿ, ಹಿಂದೆ ಹತ್ತಿ ಭಾವ, ಗಿರಣಿಗೆ ಬಿಡುತ್ತೇನೆ ಅಂದ. ನಾನು ಬೇಡವೆನ್ನಲಿಲ್ಲ, ಒಂದು ಸಲವೂ. ಕಾಲು ಮಡಚಿಕೊಂಡು ಕ್ಯಾರಿಯರ್ ಮೇಲೆ ಕೂತೆ. ಪೇಟೆಯ ಕಟ್ಟೆಗಳ ಮುಂದೆ ಹಾದುಹೋಗುವಾಗ ಕೆರಾಮತ್ ತಿರುಗದೆ, ಎಲ್ಲರಿಗೂ ಕೇಳುವಷ್ಟು ಮಾತ್ರ ದನಿ ಎತ್ತಿ ಹೇಳಿದ:

"ಭಾವ, ಸ್ವಲ್ಪ ಮುಂದೆ ಸರಿದು ಕೂತ್ಕೊಳ್ಳಿ. ನಿಮ್ಮ ಭಾರಕ್ಕೆ ಫ್ರೇಮು ತಡೀಬೇಕಲ್ಲ."