ಹೊಗೆಹಣದ ಅರ್ಥ

ಪುಟ್ಟರಾಜುವಿನ ಗ್ರಹಚಾರ ಕೆಟ್ಟದ್ದು ಒಂದೇ ಒಂದು ಪದದಿಂದ. ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ; ಅಲ್ಲಿನ ಸರ್ಕಾರಿ ಕಚೇರಿಯೊಂದರಲ್ಲಿ ಅವನು ಹಂಗಾಮಿ ಗುಮಾಸ್ತ. ರಾಜರ ಕಾಲದ ಕಡತದಲ್ಲಿ ‘ಹೊಗೆಹಣ’ ಎಂಬ ತೆರಿಗೆ ಕಂಡ ಸಾಹೇಬರು, “ಇದಕ್ಕೆ ಈ ಹೆಸರು ಯಾಕೆ ಬಂತು ಅಂತ ಹಳ್ಳಿಯ ಹಿರಿಯರನ್ನು ಕೇಳಿಕೊಂಡು ಸಂಜೆಯೊಳಗೆ ಬಾ. ತಂದರೆ ಕೆಲಸ ಖಾಯಂ, ಇಲ್ಲದಿದ್ದರೆ ಮನೆಗೆ” ಎಂದಿದ್ದರು.

ಚೇರಂಬಾಣೆಯಲ್ಲಿ ಬಸ್ಸಿಳಿದು ಗುಡ್ಡ ಹತ್ತಿದ. ಪೊನ್ನಮ್ಮಜ್ಜಿಯ ಮನೆ ಒಂದೇ ಆದರೂ ಸೊಸೆಯರು ಜಗಳವಾಡಿ ಮೂರು ಒಲೆ ಹೂಡಿದ್ದರು. ಹೆಂಚಿನ ಮಾಡಿನ ಮೇಲೆ ಮೂರು ಕಡೆ ಹೊಗೆ. ಅಂಗಳದಲ್ಲಿ ಹಿರಿಮಗ ಸಾಂತಪ್ಪ ಮೆಣಸು ಒಣಗಿಸುತ್ತಿದ್ದ.

“ಹೊಗೆಹಣ ಅಂದ್ರೇನು, ಗೊತ್ತಾ ಅಣ್ಣ?”

ಸಾಂತಪ್ಪನ ಮುಖಕ್ಕೆ ಹಲಸಿನ ಮೇಣ ಬಳಿದಂತಾಯಿತು. “ಗೊತ್ತಿಲ್ಲೆ” ಎಂದವನೇ ಒಳಗೋಡಿದ. “ತೆರಿಗೆಯವ ಬಂದ! ಒಂದು ಒಲೆ ಬಿಟ್ಟು ಎಲ್ಲ ನಂದಿಸಿ!”

ಚುಂಯ್ ಎಂದು ನೀರು ಬಿತ್ತು. ಬೂದಿ ಹಾರಿ ಬಾಗಿಲಲ್ಲಿ ನಿಂತಿದ್ದ ಪುಟ್ಟರಾಜುವಿನ ಬಿಳಿ ಅಂಗಿ ಬೂದುಗುಂಬಳದಂತಾಯಿತು. ಪಕ್ಕದ ಮನೆಯ ಮೊಣ್ಣಪ್ಪ ಬೇಲಿಯಿಂದಲೇ ಕೂಗಿದ: “ನಮ್ಮಲ್ಲಿ ಒಲೆಯೇ ಇಲ್ಲ ಸ್ವಾಮಿ, ನಾವು ಹಸೀದೇ ತಿನ್ನೋದು!”

ಹುತ್ತರಿ ಹಬ್ಬದಿಂದ ಮಾತು ಬಿಟ್ಟಿದ್ದ ಸೊಸೆಯರು ಒಂದೇ ಒಲೆಯ ಸುತ್ತ ಕುಳಿತಿದ್ದರು.

“ಉಪ್ಪು ಸಾಕಾ ಅಕ್ಕಾ?” ಎಂದಳು ಯಮುನ, ಹಲ್ಲು ಕಚ್ಚಿ.

“ಸಾಕು ತಂಗೀ” ಎಂದಳು ಪೂವಮ್ಮ, ಇನ್ನೂ ಗಟ್ಟಿಯಾಗಿ ಕಚ್ಚಿ.

ಬಾಗಿಲಿಗೆ ಬಂದ ಪೊನ್ನಮ್ಮಜ್ಜಿಯ ಮುಂದೆ ಪುಟ್ಟರಾಜು ಅಳುವಂತಾದ. “ಅಜ್ಜೀ, ನಾನು ಅರ್ಥ ಕೇಳೋಕಷ್ಟೇ ಬಂದೆ. ಹೇಳದಿದ್ರೆ ನನ್ನ ಕೆಲಸ ಹೋಗುತ್ತೆ.”

“ಬರೀ ಅರ್ಥ ಕೇಳಕ್ಕೆ ಸರ್ಕಾರ ಬಸ್ ಚಾರ್ಜು ಕೊಡ್ತದಾ?” ಪೊನ್ನಮ್ಮಜ್ಜಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಮೊದಲು ಬರಿ ಮಗಾ, ಈ ಮನೇಲಿ ಒಲೆ ಒಂದೇ ಉಂಟು ಅಂತ.”

ಬರೆದ. ಅಜ್ಜಿಯ ಮೂವರು ಗಂಡುಮಕ್ಕಳೂ ಹೆಬ್ಬೆಟ್ಟೊತ್ತಿದರು. ಆಗ ಅಜ್ಜಿಯ ಬಾಯಿ ಬಿಚ್ಚಿತು.

“ಹಿಂದೆ ಸುಂಕದವ ಒಳಗೆ ಬರ್ತಿರಲಿಲ್ಲವಂತೆ. ದೂರ ನಿಂತು ಮಾಡು ನೋಡೋದು, ಹೊಗೆಗೊಂದು ಹಣ ಕೇಳೋದು. ಅದಕ್ಕೇ ಹೊಗೆಹಣ. ಅವ ಗುಡ್ಡ ಇಳಿಯೋವರೆಗೆ ಊರಲ್ಲಿ ಯಾರೂ ಗಂಜಿ ಬೇಯಿಸ್ತಿರಲಿಲ್ಲ ಅಂತ ನಮ್ಮತ್ತೆ ಹೇಳೋದು.”

ಕಾಫಿ ಕೇಳುವ ಧೈರ್ಯ ಪುಟ್ಟರಾಜುವಿಗೆ ಬರಲಿಲ್ಲ. ಖಾಲಿ ಹೊಟ್ಟೆಯಲ್ಲೇ ಓಡಿ ಬಸ್ಸು ಹಿಡಿದ.

ಸಾಹೇಬರು ಓದಿ ಹಿಗ್ಗಿದರು. “ಭೇಷ್! ನಿನ್ನ ಕೆಲಸ ಖಾಯಂ.” ಹಾಳೆ ತಿರುವಿದರು. “ಓಹೋ, ಒಲೆ ಲೆಕ್ಕಾನೂ ತಂದಿದ್ದೀಯ, ಹೆಬ್ಬೆಟ್ಟಿನ ಸಮೇತ! ಈ ತಿಂಗಳಿಂದ ಒಂದೊಂದು ಒಲೆಗೂ ಎರಡು ಸೇರು ರೇಷನ್ ಸಕ್ಕರೆ ಅಂತ ಇವತ್ತೇ ಆರ್ಡರ್ ಬಂದಿದೆ. ನಾಳೆ ಆ ಮನೆಗೆ ಒಂದು ಒಲೆಯ ಪಾಲು ನೀನೇ ಕೊಟ್ಟು ಬಾ.”

ಪುಟ್ಟರಾಜು ಬೂದಿಯ ಅಂಗಿಯನ್ನೊಮ್ಮೆ ನೋಡಿಕೊಂಡ.

“ಸಾರ್, ನಾನು ಹಂಗಾಮಿಯಾಗಿಯೇ ಇರಬಹುದಾ?”