ಮಾಮಾನ ಬಂದೂಕು, ನಮ್ಮ ಅಂಗಳ

ಬೆಳಗೆದ್ದು ಕೆಲವರು ಸೂರ್ಯನಿಗೆ ಕೈ ಮುಗಿಯುತ್ತಾರೆ. ನನ್ನ ಸೋದರಮಾವ ಮೊನ್ನೆ ಮೊನ್ನೆಯವರೆಗೂ ನಮ್ಮ ಮನೆಯ ಕಡೆ ಬಂದೂಕು ಹಿಡಿಯುತ್ತಿದ್ದ! ಸುಳ್ಳಲ್ಲ, ನಮ್ಮೂರು ಹಲಗೇರಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ಅವನ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಒಂದು ಗೋವಿನಜೋಳದ ಹೊಲ. ಅವನು ಮಾಳಿಗೆ ಏರಿ, ಒಂದು ಕಣ್ಣು ಮುಚ್ಚಿ, ದುರ್ಬೀನು ಕೂಡಿಸಿದ ರೈಫಲನ್ನು ಹೆಗಲಿಗೆ ಆನಿಸಿ ನಮ್ಮ ಅಂಗಳಕ್ಕೆ ಗುರಿಯಿಡುತ್ತಿದ್ದ. ಆ ಹೊತ್ತಿಗೆ ಅಂಗಳದಲ್ಲಿ ಕಸ ಗುಡಿಸುತ್ತಿದ್ದವಳು ಅವನ ಒಡಹುಟ್ಟಿದ ಅಕ್ಕ, ಅಂದರೆ ನನ್ನ ಅವ್ವ. ಅವಳೇನು ಕಡಿಮೆಯೇ? ಕಸಬರಿಗೆ ಎತ್ತಿ ತಿರುಗಿ ಅವನಿಗೇ ಗುರಿಯಿಡುತ್ತಿದ್ದಳು.

"ಹೊಡಿ ನೋಡೂಣು! ಹೊಡೀ ಅಂತೀನಿ!"

ಹೊಡೆಯುವುದೆಲ್ಲಿಂದ ಬಂತು? ರೈಫಲ್ ಅಜ್ಜನದು, ಲೈಸನ್ಸ್ ಕಾಡುಹಂದಿ ಬೆದರಿಸಲಿಕ್ಕೆ ಅಂತ ಪಡೆದದ್ದು. ಮಾಮಾನ ಕಾಲದಲ್ಲಿ ಅದರೊಳಗೆ ಗುಂಡು ಹೊಕ್ಕಿದ್ದನ್ನು ಯಾರೂ ಕಂಡಿಲ್ಲ. ಹಂದಿಗಳಿಗೂ ಇದು ಗೊತ್ತಿತ್ತು, ಅವು ಅವನ ಹೊಲದಲ್ಲೇ ಸಂಸಾರ ಹೂಡಿದ್ದವು.

ಅಕ್ಕ ತಮ್ಮನ ನಡುವೆ ಮಾತು ನಿಂತದ್ದು ನನ್ನಿಂದ. ನಾನು ರಾಣೆಬೆನ್ನೂರಿನಲ್ಲಿ ಮಿಕ್ಸರ್ ರಿಪೇರಿ ಅಂಗಡಿ ಇಟ್ಟ ಹೊಸತರಲ್ಲಿ ಅವ್ವ ತಮ್ಮನ ಮಗಳನ್ನು ನನಗೆ ಕೇಳಲು ಹೋಗಿದ್ದಳು. ತಾಟಿನಲ್ಲಿ ಸಕ್ಕರೆ, ಉಡಿಯಲ್ಲಿ ಎಲೆ ಅಡಿಕೆ. ಮಾಮಾ ಪಡಸಾಲೆಯಲ್ಲೇ ತೀರ್ಪು ಕೊಟ್ಟ:

"ಮಿಕ್ಸರ್ ಬಿಚ್ಚಾಂವಗ ನನ್ನ ಮಗಳನ್ನ ಕೊಡಂಗಿಲ್ಲ, ಅಕ್ಕ. ಅಂವಾ ಸಡಲ ಮನಷ್ಯಾ."

ಹುಡುಗಿ ಬೀಜದ ಕಂಪನಿಯ ಸಾಹೇಬನ ಮನೆ ಸೇರಿದಳು. ಅವ್ವ ಸಕ್ಕರೆ ವಾಪಸ್ಸು ತಂದಳು. ಅಂದಿನಿಂದ ಹೊಲದ ಈಚೆ ಒಬ್ಬಳು, ಆಚೆ ಒಬ್ಬ. ನಾನು ಆಮೇಲೆ ಬೇರೆ ಕಡೆ ಮದುವೆಯಾಗಿ ಸುಖವಾಗಿಯೇ ಇದ್ದೇನೆ. ಆದರೂ ಆ 'ಸಡಲ' ಅನ್ನುವ ಮಾತು ಇವತ್ತಿಗೂ ಗಂಟಲಲ್ಲಿ ಮುಳ್ಳಾಗಿ ಕೂತಿದೆ.

ಅವನಾದರೋ ಬಿಗಿ ಮನುಷ್ಯ! ಅವನು ಮುಚ್ಚಿದ ಉಪ್ಪಿನಕಾಯಿ ಭರಣಿಯನ್ನು ತೆಗೆಸಲು ಅತ್ತೆ ಓಣಿಯೆಲ್ಲ ತಿರುಗಬೇಕು. ಅವನು ತಿರುವಿ ನಿಲ್ಲಿಸಿದ ನಲ್ಲಿ ಮತ್ತೆ ನೀರು ಬಿಟ್ಟ ದಾಖಲೆಯಿಲ್ಲ. ದುರ್ಬೀನಿನ ಸ್ಕ್ರೂಗಳನ್ನೂ ಹಾಗೆಯೇ ಹಲ್ಲು ಕಚ್ಚಿ ಬಿಗಿದಿದ್ದ. ಸಾಲದ್ದಕ್ಕೆ ಪ್ರತಿ ವರ್ಷ ಮಹಾನವಮಿಯ ಖಂಡೇಪೂಜೆಗೆ ರೈಫಲನ್ನು ಚೌಕಿಯ ಮೇಲೆ ಮಲಗಿಸಿ, ಒಂದೊಂದು ಸ್ಕ್ರೂವಿನ ತಲೆಗೂ ಭಂಡಾರದ ಅರಿಶಿನ ಹಚ್ಚಿ, ಮೇಲೆ ಕುಂಕುಮವಿಟ್ಟು, ತೆಂಗಿನಕಾಯಿ ನೀರು ಚಿಮುಕಿಸುತ್ತಿದ್ದ. ಕಬ್ಬಿಣಕ್ಕೆ ಇಷ್ಟು ಭಕ್ತಿ ತಡೆದೀತೇ? ತುಕ್ಕು ಹಿಡಿದು ಸ್ಕ್ರೂಗಳು ಬಂದೂಕಿಗೇ ಬೆಸೆದುಕೊಂಡವು.

ಈ ವರ್ಷ ಮಾಮಾನ ಕೈ ನಡುಗುತ್ತದೆ ಅಂತ ಲೈಸನ್ಸ್ ಮುಂದುವರಿಯಲಿಲ್ಲ, ರೈಫಲ್ ಠಾಣೆಗೆ ಒಪ್ಪಿಸಬೇಕಾಯಿತು. ಒಪ್ಪಿಸಲು ಮಾಮಾ ತಯಾರಿದ್ದ. ಆದರೆ ದುರ್ಬೀನು ಮಾತ್ರ ಕೊಡುವುದಿಲ್ಲವಂತೆ! ಚಾಕುವಿನ ತುದಿ ಹಾಕಿದ, ನಾಣ್ಯ ಹಾಕಿದ, ಒಂದು ಸ್ಕ್ರೂವಿನ ತಲೆಯನ್ನೇ ಸವೆಸಿದ. ಕೊನೆಗೆ ಯಾರಿಗೂ ಕಾಣದಿರಲೆಂದು ರೈಫಲನ್ನು ಮೆಣಸಿನಕಾಯಿ ಚೀಲದಲ್ಲಿ ಸುತ್ತಿ ಬ್ಯಾಡಗಿಯ ಲೇಥ್ ಅಂಗಡಿಗೆ ಹೊತ್ತೊಯ್ದ. ಅಲ್ಲಿ ಚೀಲ ಕೊಡವಿದನೋ ಇಲ್ಲವೋ, ಅಂಗಡಿ ತುಂಬ ಸೀನು! ಅಂಗಡಿಯ ಮಿಸ್ತ್ರಿ ಕಣ್ಣೊರೆಸಿಕೊಂಡು ನೋಡಿದರೆ ಎದುರಿಗೆ ಬಂದೂಕು.

"ಯಾ ಅಲ್ಲಾ! ಚಾಚಾ, ಲಗೂನ ಕಟ್ಟ್ರಿ ಇದನ್ನ. ನಾ ಮಕ್ಳು ಮರಿ ಇದ್ದಾಂವ ಅದೀನ್ರಿ!"

ಹಾಗೆ ಎಲ್ಲ ಬಾಗಿಲು ಮುಚ್ಚಿದ ಮೇಲೆ ಆ ಬಿಗಿ ಮನುಷ್ಯ ಬಂದು ನಿಂತದ್ದು ಈ ಸಡಿಲ ಮನುಷ್ಯನ ಅಂಗಡಿಗೆ.

"ಮಿಕ್ಸರ್ ಅಲ್ಲ ಇದು, ಮಾಮಾ," ಅಂದೆ. ಅಷ್ಟು ವರ್ಷದ ಕಹಿ, ಅಷ್ಟಾದರೂ ಬೇಡವೇ?

"ಗೊತ್ತೈತಿ. ಬಿಚ್ಚತೀಯೋ ಇಲ್ಲೋ ಹೇಳು."

ಒಳಗೆ ಗುಂಡಿಲ್ಲವೆಂದು ನಾನೇ ಕಣ್ಣಾರೆ ನೋಡಿಕೊಂಡು ಕೆಲಸಕ್ಕೆ ಕೂತೆ. ಸೂಜಿ ಹಾಕಿ ಕೆರೆದರೆ ಕೆಂಪು, ಹಳದಿ, ಮತ್ತೆ ಕೆಂಪು; ಎಷ್ಟೋ ನವಮಿಗಳು ಪದರ ಪದರವಾಗಿ ಉದುರಿದವು. ಬೆಸುಗೆ ಹಾಕುವ ಕಾದ ಕಡ್ಡಿಯನ್ನು ಸ್ಕ್ರೂವಿನ ತಲೆಗೆ ಒತ್ತಿ ಹಿಡಿದೆ. ಬಿಸಿಯಾದ ಮೇಲೆ ಒಂದು ಹನಿ ಎಣ್ಣೆ ಬಿಟ್ಟು, ಸರಿಯಾಗಿ ಕೂರುವ ಸ್ಕ್ರೂ ಡ್ರೈವರ್ ಇಟ್ಟು ಮೇಲೆ ಮೆಲ್ಲಗೆ ಬಡಿದೆ. ಕಿರ್ರ್ ಎಂದು ಒಂದು ಅಲುಗಿತು. ತಲೆ ಸವೆದದ್ದಕ್ಕೆ ಗರಗಸದ ಅಲಗಿನಿಂದ ಹೊಸ ಗೀರು ಕೊರೆಯಬೇಕಾಯಿತು. ಬಿಚ್ಚುವವನ ಕಷ್ಟ ಬಿಗಿದವನಿಗೇನು ಗೊತ್ತು! ನಡುನಡುವೆ ಕುಟುಕುತ್ತಲೇ ಇದ್ದೆ.

"ಬಂದೂಕ ಇಲ್ದ ದುರ್ಬೀನ್ ತಗೊಂಡು ಏನ್ ಮಾಡ್ತಿ? ನಮ್ಮವ್ವನ್ನ ಹೆಂಗ ಹೆದರಸ್ತಿ?"

ದುರ್ಬೀನು ಕೈಗೆ ಬಂದ ಮೇಲೆ ಅವನು ಪಂಚೆಯ ಚುಂಗಿನಿಂದ ಗಾಜು ಒರೆಸುತ್ತ, ನನ್ನ ಮುಖ ನೋಡದೆ ಕೇಳಿದ:

"ಅಕ್ಕ ದೀಪಾವಳಿಯಿಂದ ಎಡಗಾಲು ಎಳ್ಯಾಕತ್ತಾಳ. ದವಾಖಾನಿಗೆ ತೋರ್ಸೀದೇನು?"

ನನ್ನ ಕೈಯಲ್ಲಿದ್ದ ಸ್ಕ್ರೂ ಜಾರಿ ಕೆಳಗೆ ಬಿತ್ತು.

"ಇದರಾಗ ಅಷ್ಟೂ ಕಾಣ್ತದ. ಬರಿಗಣ್ಣಿಗೆ ಈಗ ಬರೀ ಸೀರಿ ಬಣ್ಣ," ಅಂದ. "ಅಕೀ ಅಂಗಳಕ್ಕ ಬಂದ್ಲಂದ್ರ ನನಗ ಬೆಳಗಾದಂಗ."

ನನಗೆ ಸಿಟ್ಟು ಇಳಿಯಲಿಲ್ಲ, ಇನ್ನೂ ಏರಿತು. ಅಕ್ಕನ ಮುಖ ನೋಡಲು ಒಂದು ಹೊಲ ದಾಟಲಾರದೆ ಬಂದೂಕು ಹೆಗಲಿಗೇರಿಸಿದ ಗಂಡಸನ್ನು ಏನೆಂದು ಬಯ್ಯಬೇಕು? ದುರ್ಬೀನನ್ನು ಕಾಗದದಲ್ಲಿ ಸುತ್ತಿ ಕೈಗಿಟ್ಟೆ. ಅವನು ರೈಫಲನ್ನು ಚೀಲಕ್ಕೆ ತುರುಕಿಕೊಂಡು ಠಾಣೆಯ ಕಡೆ ಹೊರಟ.

ಸಂಜೆ ಅವ್ವನಿಗೆ ಎಲ್ಲ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಹುಚ್ಚಪ್ಯಾಲಿ," ಅಂದಳು. "ಬಾಗಲಿಗೆ ಬಂದಿದ್ರ ನಾ ಏನ್ ನುಂಗ್ತಿದ್ನ್ಯಾ?" ತವೆಯ ಮೇಲಿನ ರೊಟ್ಟಿ ಕರಕಲಾಯಿತು.

ಮರುದಿನ ಬೆಳಿಗ್ಗೆ ಅವಳು ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ಉಟ್ಟು ಕಸ ಗುಡಿಸಲು ಹೊರಟಳು. ಮಾಳಿಗೆಯ ಮೇಲೆ ಆಗಲೇ ಅವನು ನಿಂತಿದ್ದ, ಕೈಯಲ್ಲಿ ಬರೀ ದುರ್ಬೀನು. ಅವ್ವ ಕಸಬರಿಗೆ ಎತ್ತಲಿಲ್ಲ, ಬಯ್ಯಲೂ ಇಲ್ಲ. ಅಂಗಳದ ಈ ತುದಿಯಿಂದ ಆ ತುದಿಯವರೆಗೆ ನೆಟ್ಟಗೆ ನಡೆದಳು, ಎಡಗಾಲನ್ನು ಒಮ್ಮೆಯೂ ಎಳೆಯದೆ. ಒಳಗೆ ಬಂದವಳೇ ಗೋಡೆ ಹಿಡಿದು ಕುಸಿದು ಕೂತಳು. ನೋವಿಗೆ ಹಣೆಯಲ್ಲಿ ಬೆವರು ಒಡೆದಿತ್ತು. ನಾನು ಕಾಲು ಹಿಡಿಯಲು ಹೋದರೆ ನನ್ನ ಕೈ ಸರಿಸಿ ಕೇಳಿದಳು:

"ಖರೇ ಹೇಳು, ಅಂವಗ ಕಂಡಿರಬೇಕಲ್ಲ?"